ಮಕ್ಕಳಿಗೆ ವಿಜ್ಞಾನದಲ್ಲಿ ಆಸಕ್ತಿ ಎಷ್ಟಿದೆ ಅಂತ ಅಳೆಯುವುದು ಹೇಗೆ? ನಗುಮುಖದ ಹಾಳೆ ಸಾಲದು

ಭಾನುವಾರದ ಟೀಚರ್, ಡೊಂಬಿವಲಿ

ಎಲ್ಲರಿಗೂ ನಮಸ್ಕಾರ. ನಾವು ನಾಲ್ಕೈದು ಜನ ಸೇರಿ ಇಲ್ಲಿ ಭಾನುವಾರ ಬೆಳಿಗ್ಗೆ ಕನ್ನಡದ ಮಕ್ಕಳಿಗೆ ವಿಜ್ಞಾನದ ಕ್ಲಾಸ್ ನಡೆಸುತ್ತೇವೆ. ಐದರಿಂದ ಎಂಟನೇ ತರಗತಿಯವರು. ಜಾಸ್ತಿ ಜನ ಇಂಗ್ಲಿಷ್ ಮೀಡಿಯಂ, ಕೆಲವರು ಮರಾಠಿ, ಒಂದಿಬ್ಬರು ಕನ್ನಡ ಶಾಲೆಯವರು. ಪಾಠ ಅಂತ ಏನೂ ಇಲ್ಲ, ಮಾಡಿ ನೋಡುವುದೇ ಎಲ್ಲ. ಸ್ಟ್ರಾ ಕತ್ತರಿಸಿ ಪೀಪಿ, ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನಲ್ಲಿ ತ್ರಿಕೋನ, ಅರಿಶಿನ ಹಚ್ಚಿದ ಕಾಗದಕ್ಕೆ ಸೋಪಿನ ನೀರು, ಇಂಥವು.

ಸಾಮಾನಿನ ಖರ್ಚಿಗೆ ಹಣ ಕೊಡುವವರು ಈ ವರ್ಷ ಒಂದು ಮಾತು ಹೇಳಿದರು. "ಮಕ್ಕಳ ಆಸಕ್ತಿ ಹೆಚ್ಚಾಗಿದೆ ಅಂತ ಅಂಕಿಅಂಶದಲ್ಲಿ ತೋರಿಸಿ." ಅದಕ್ಕೆ ಒಂದು ಹಾಳೆಯನ್ನೂ ಅವರೇ ಕಳಿಸಿದರು. ಅಳುಮುಖದಿಂದ ನಗುಮುಖದವರೆಗೆ ಐದು ಮುಖಗಳು, ಪ್ರತಿ ಕ್ಲಾಸಿನ ಕೊನೆಗೆ ಒಂದಕ್ಕೆ ಟಿಕ್ ಹಾಕಬೇಕು. ಹೆಚ್ಚುಕಡಿಮೆ ಎಲ್ಲರೂ ದೊಡ್ಡ ನಗುಮುಖಕ್ಕೇ ಹಾಕಿದರು. ಇಡೀ ಕ್ಲಾಸ್ ಕಿಟಕಿಯಾಚೆ ನೋಡುತ್ತಿದ್ದ ಹುಡುಗನೂ ಅದಕ್ಕೇ ಹಾಕಿದ್ದ.

ಒಬ್ಬಳು ಮಾತ್ರ ಮಧ್ಯದ ಮುಖಕ್ಕೆ ಹಾಕಿದ್ದಳು. ಆರನೇ ಕ್ಲಾಸು, ಮಾತು ಕಡಿಮೆ. ಮುಂದಿನ ವಾರ ಬಂದವಳೇ ಕೇಳಿದಳು: "ಟೀಚರ್, ಅಮ್ಮ ಅರಿಶಿನದ ಕಲೆಗೆ ಸೋಪು ಹಚ್ಚಿದಾಗ ಕೆಂಪಾಯಿತು. ನೀರಲ್ಲಿ ಜಾಲಿಸಿದಾಗ ಮತ್ತೆ ಹಳದಿ. ಬಿಸಿಲಿಗೆ ಹಾಕಿದರೆ ಸಂಜೆಗೆ ಕಲೆಯೇ ಇಲ್ಲ. ಬಣ್ಣ ಎಲ್ಲಿಗೆ ಹೋಯಿತು?"

ಹಾಳೆಯ ಪ್ರಕಾರ ನಮ್ಮ ಕ್ಲಾಸಿನಲ್ಲಿ ಅತಿ ಕಡಿಮೆ ಆಸಕ್ತಿ ಇರುವವಳು ಇವಳು! ಇದನ್ನು ಸರಿಯಾಗಿ ಅಳೆಯುವ ದಾರಿ ಯಾರಿಗಾದರೂ ಗೊತ್ತಾ? ಹಣ ಕೊಡುವವರ ಮೇಲೆ ನನಗೆ ಬೇಸರವಿಲ್ಲ, ಕೇಳುವುದು ನ್ಯಾಯವೇ. ನನಗೂ ತಿಳಿಯಬೇಕು.

ಹಿಂಜವಡಿ ಅಪ್ಪ, ಪುಣೆ

ಇದಕ್ಕೆ ಇಷ್ಟು ಯೋಚನೆ ಯಾಕೆ ಮೇಡಂ? ವರ್ಷದ ಮೊದಲು ಒಂದು ಟೆಸ್ಟ್, ಕೊನೆಗೆ ಒಂದು ಟೆಸ್ಟ್. ಅಂಕ ಏರಿದರೆ ಆಸಕ್ತಿ ಏರಿದೆ. ಇಷ್ಟವಿಲ್ಲದೆ ಯಾರು ಓದುತ್ತಾರೆ?

ಮುಲುಂಡ್ ಅಮ್ಮ

ನಮ್ಮ ಬಿಲ್ಡಿಂಗಿನ ಅರ್ಧ ಮಕ್ಕಳು ಹಾಗೇ ಓದುತ್ತಾರೆ ಸರ್. ಅಮ್ಮ ಪಕ್ಕದಲ್ಲಿ ಕೂತಿರುವವರೆಗೆ ಓದು, ಎದ್ದರೆ ಪುಸ್ತಕ ಮುಚ್ಚಿತು.

ಅಳತೆಗೋಲು, ಚೆಂಬೂರು

ನಾನು ಮಕ್ಕಳ ಕಲಿಕೆಯ ಪ್ರಶ್ನಾವಳಿಗಳನ್ನು ತಯಾರಿಸುವ ಕೆಲಸದಲ್ಲಿ ಇದ್ದವಳು. ಹಿಂಜವಡಿ ಸರ್ ಹೇಳಿದ್ದಕ್ಕೆ ನೇರವಾಗಿ ಉತ್ತರಿಸುತ್ತೇನೆ. ಅಂಕ ಬೇರೆ, ಆಸಕ್ತಿ ಬೇರೆ. ಇದು ಜಗತ್ತಿನಾದ್ಯಂತ ಕಂಡ ವಿಷಯ.

ಟಿಮ್ಸ್ ಅಂತ ಒಂದು ಪರೀಕ್ಷೆ 1995ರಿಂದ ನಾಲ್ಕು ವರ್ಷಕ್ಕೊಮ್ಮೆ ಹಲವು ದೇಶಗಳಲ್ಲಿ ನಡೆಯುತ್ತದೆ. ಗಣಿತ, ವಿಜ್ಞಾನ ಎರಡೂ. ಅದರ ಜೊತೆಗೆ "ವಿಜ್ಞಾನ ಕಲಿಯುವುದು ನಿನಗೆ ಇಷ್ಟವಾ" ಅಂತಲೂ ಕೇಳುತ್ತಾರೆ. ಜಪಾನ್, ದಕ್ಷಿಣ ಕೊರಿಯಾ, ತೈವಾನಿನ ಎಂಟನೇ ತರಗತಿ ಮಕ್ಕಳು ಅಂಕದಲ್ಲಿ ಸದಾ ಮೇಲಿನ ಸಾಲಿನಲ್ಲಿರುತ್ತಾರೆ. ಇಷ್ಟ ಅನ್ನುವುದರಲ್ಲಿ ತುಂಬಾ ಕೆಳಗಿರುತ್ತಾರೆ. ಒಂದೇ ದೇಶದ ಒಳಗೆ ನೋಡಿದರೆ ಇಷ್ಟಪಡುವ ಮಕ್ಕಳಿಗೆ ಸ್ವಲ್ಪ ಜಾಸ್ತಿ ಅಂಕ ಬರುವುದು ನಿಜ. ಆದರೆ ಒಂದನ್ನು ಅಳೆದು ಇನ್ನೊಂದನ್ನೂ ಅಳೆದೆವು ಅನ್ನುವ ಹಾಗಿಲ್ಲ.

ನಗುಮುಖದ ಸಮಸ್ಯೆಯೂ ಹೊಸದಲ್ಲ. ರೋಸ್ ಅಂತ ನಾರ್ವೆಯವರು ನಡೆಸಿದ ಒಂದು ದೊಡ್ಡ ಅಧ್ಯಯನ ಇದೆ, 2000ದ ದಶಕದ ಮೊದಲ ವರ್ಷಗಳದ್ದು. ಸುಮಾರು 40 ದೇಶಗಳ 15 ವರ್ಷದ ಮಕ್ಕಳು. ಭಾರತದಿಂದ ಗುಜರಾತಿನ ಮಕ್ಕಳೂ ನಮ್ಮ ಮುಂಬೈ ಮಕ್ಕಳೂ ಅದರಲ್ಲಿದ್ದರು. ಆಫ್ರಿಕಾ ಮತ್ತು ನಮ್ಮ ಕಡೆಯ ಮಕ್ಕಳು ಹೆಚ್ಚುಕಡಿಮೆ ಎಲ್ಲ ವಿಷಯಕ್ಕೂ "ತುಂಬಾ ಆಸಕ್ತಿ" ಅಂದರು. ನಾರ್ವೆ, ಜಪಾನಿನ ಮಕ್ಕಳು ಹಾಗೆ ಹೇಳಲಿಲ್ಲ. ದೇಶ ಶ್ರೀಮಂತ ಆದಷ್ಟೂ "ನಾನು ವಿಜ್ಞಾನಿ ಆಗಬೇಕು" ಅನ್ನುವ ಮಕ್ಕಳು ಕಡಿಮೆ ಆಗುತ್ತಾ ಹೋದರು. ಇದರಲ್ಲಿ ನಿಜವಾದ ವ್ಯತ್ಯಾಸ ಇದೆ. ಜೊತೆಗೆ ಟಿಕ್ ಹಾಕುವ ರೀತಿಯ ವ್ಯತ್ಯಾಸವೂ ಇದೆ ಅಂತ ನನ್ನ ಅಭಿಪ್ರಾಯ. ದೊಡ್ಡವರು ಕೊಟ್ಟ ಹಾಳೆಯಲ್ಲಿ "ಇಷ್ಟವಿಲ್ಲ" ಅಂತ ಬರೆಯುವುದು ನಮ್ಮ ಮಕ್ಕಳಿಗೆ ಅಷ್ಟು ಸುಲಭವಲ್ಲ.

ನಿವೃತ್ತ ಮೇಷ್ಟ್ರು, ಸಾಯನ್

ಕೊನೆಯ ಮಾತು ನೂರಕ್ಕೆ ನೂರು ಸರಿ. ನಾನು ಪಾಲಿಕೆಯ ಕನ್ನಡ ಶಾಲೆಯಲ್ಲಿ ಪಾಠ ಮಾಡಿದವನು. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ಬಾಲಭಾರತಿಯ ಕನ್ನಡ ಪುಸ್ತಕ ಹಿಡಿದು ಎಷ್ಟೋ ತಂಡಗಳಿಗೆ ಬೆಳಕಿನ ವಕ್ರೀಭವನ ಹೇಳಿದ್ದೇನೆ. "ಅರ್ಥವಾಯಿತಾ?" ಅಂದರೆ ಇಡೀ ಕ್ಲಾಸ್ "ಹೌದು ಸರ್". ಮಕ್ಕಳು ಮೇಷ್ಟ್ರ ಮುಖ ನೋಡಿ ಉತ್ತರ ಹೇಳುತ್ತಾರೆ. ಅದು ಸುಳ್ಳಲ್ಲ, ಪ್ರೀತಿ ಮತ್ತು ಭಯ ಎರಡೂ.

ಟೀಚರಮ್ಮ, ಹಾಳೆ ಕೊಡುವವರು ನೀವಾಗಿರಬೇಡಿ. ಹೆಸರು ಬರೆಸಬೇಡಿ. "ಇಷ್ಟವಾಯಿತಾ" ಅಂತ ಕೇಳಲೇಬೇಡಿ. "ಮುಂದಿನ ವಾರ ಇವುಗಳಲ್ಲಿ ಒಂದನ್ನೇ ಮಾಡಬಹುದು, ಯಾವುದು ಬೇಕು" ಅಂತ ಕೇಳಿ. ನಾಲ್ಕು ಆಯ್ಕೆ ಕೊಡಿ, ಅದರಲ್ಲಿ ಒಂದು ಕೇರಂ ಬೋರ್ಡ್ ಇರಲಿ. ಕೇರಂ ಬಿಟ್ಟು ಲೆನ್ಸ್ ಆರಿಸಿದರೆ ಅದಕ್ಕೆ ಅರ್ಥ ಇದೆ.

ಹಿಂಜವಡಿ ಅಪ್ಪ, ಪುಣೆ

ಕೇರಂ ಐಡಿಯಾ ಚೆನ್ನಾಗಿದೆ. ಅಳತೆಗೋಲು ಮೇಡಂ, ಅಂಕ ಬೇಡ, ಟಿಕ್ ಬೇಡ ಅಂದಮೇಲೆ ಇನ್ನೇನು ಉಳಿಯಿತು?

ಅಳತೆಗೋಲು, ಚೆಂಬೂರು

ಟಿಕ್ ಬೇಡ ಅನ್ನಲಿಲ್ಲ. ಒಂದೇ ಟಿಕ್ ಸಾಲದು ಅಂದೆ. ಒಪ್ಪುತ್ತೇನೆ, ಒಪ್ಪುವುದಿಲ್ಲ ಅಂತ ಮೆಟ್ಟಿಲು ಮೆಟ್ಟಿಲಾಗಿ ಕೇಳುವ ಪದ್ಧತಿಯನ್ನು ರೆನ್ಸಿಸ್ ಲಿಕರ್ಟ್ 1932ರಲ್ಲಿ ತಂದರು. ಇವತ್ತಿಗೂ ಅದೇ ಓಡುತ್ತಿದೆ. ವಿಜ್ಞಾನಕ್ಕೆ ಅಂತಲೇ ಆಸ್ಟ್ರೇಲಿಯಾದ ಬ್ಯಾರಿ ಫ್ರೇಜರ್ ಮಾಡಿದ ಒಂದು ಪ್ರಶ್ನಾವಳಿ ಇದೆ, ಟೊಸ್ರಾ ಅನ್ನುತ್ತಾರೆ. 70 ವಾಕ್ಯಗಳು, 7 ಭಾಗಗಳು. ಅದರಲ್ಲಿ ನನಗೆ ಹಿಡಿಸಿದ್ದು ಏನೆಂದರೆ, ಕ್ಲಾಸಿನಲ್ಲಿ ಖುಷಿ ಒಂದು ಭಾಗ, ಬಿಡುವಿನ ಹೊತ್ತಿನಲ್ಲಿ ವಿಜ್ಞಾನದ ಕಡೆ ಮನಸ್ಸು ಹೋಗುತ್ತದಾ ಅನ್ನುವುದು ಇನ್ನೊಂದು, ಮುಂದೆ ಅದೇ ಕೆಲಸ ಬೇಕಾ ಅನ್ನುವುದು ಮತ್ತೊಂದು. ಮೂರೂ ಒಂದೇ ಮಗುವಿನಲ್ಲಿ ಬೇರೆ ಬೇರೆ ಬರಬಹುದು. ಕ್ಲಾಸಿನಲ್ಲಿ ನಗುತ್ತಾ ಇದ್ದವನು ಮನೆಗೆ ಹೋಗಿ ಮರೆತುಬಿಡಬಹುದು. ಕ್ಲಾಸಿನಲ್ಲಿ ಮುಖ ಗಂಟು ಹಾಕಿ ಕೂತವಳು ಮನೆಯಲ್ಲಿ ಬಟ್ಟೆಯ ಕಲೆ ನೋಡುತ್ತಾ ನಿಲ್ಲಬಹುದು.

70 ವಾಕ್ಯ ಚಿಕ್ಕ ಮಕ್ಕಳಿಗೆ ಜಾಸ್ತಿ. ಅದರಲ್ಲಿ ಅರ್ಧದಷ್ಟು ಉಲ್ಟಾ ವಾಕ್ಯಗಳು, "ವಿಜ್ಞಾನದ ಕ್ಲಾಸ್ ಬೇಜಾರು" ಅನ್ನುವಂಥವು. ಕಣ್ಣುಮುಚ್ಚಿ ಒಂದೇ ಸಾಲಿಗೆ ಟಿಕ್ ಹಾಕುವವರನ್ನು ಹಿಡಿಯಲು ಅದು ಬೇಕು. ಆದರೆ ಐದನೇ ಕ್ಲಾಸಿನವರಿಗೆ ಅದು ಗೊಂದಲ.

ಮುಲುಂಡ್ ಅಮ್ಮ

ಎಲ್ಲರೂ ಅಳತೆ ಅನ್ನುತ್ತಿದ್ದೀರಿ. ನನ್ನ ಅನುಭವ ಕೇಳಿ. ಮಗನಿಗೆ ಆರನೇ ಕ್ಲಾಸಿನಲ್ಲಿ ಹೋಮಿ ಭಾಭಾ ಬಾಲ ವೈಜ್ಞಾನಿಕ ಪರೀಕ್ಷೆ ಬರೆಸಿದೆವು. ಮುಂಬೈ ಸೈನ್ಸ್ ಟೀಚರ್ಸ್ ಅಸೋಸಿಯೇಷನ್‌ನವರು ಆರು ಮತ್ತು ಒಂಬತ್ತನೇ ಕ್ಲಾಸಿಗೆ ನಡೆಸುವುದು. ಅದಕ್ಕೆ ಅಂತ ಒಂದು ಕೋಚಿಂಗ್ ಕ್ಲಾಸಿಗೆ ಹಾಕಿದೆವು. ದಿನಾ ಆಯ್ಕೆ ಪ್ರಶ್ನೆಗಳು. ಮೊದಲು ಇರುವೆ ಗೂಡು ನೋಡುತ್ತಾ ಕೂರುತ್ತಿದ್ದ ಹುಡುಗ, "ಇದು ಸಿಲೆಬಸ್‌ನಲ್ಲಿ ಇದೆಯಾ" ಅಂತ ಕೇಳತೊಡಗಿದ. ಅವನ ಆಸಕ್ತಿಯನ್ನು ಅಳೆಯಲು ಹೋಗಿ ಕೋಚಿಂಗಿನವರು ಅದನ್ನೇ ತಿಂದುಹಾಕಿದರು.

ಕೊಥ್ರೂಡ್ ಓದುಗ

ಮುಲುಂಡ್ ಅಕ್ಕ, ಕೋಚಿಂಗ್ ಬಗ್ಗೆ ನೀವು ಹೇಳಿದ್ದು ಒಪ್ಪಿದೆ. ಪರೀಕ್ಷೆಯನ್ನು ಬೈಯಬೇಡಿ. ಅದು ಬರೀ ಟಿಕ್ ಪರೀಕ್ಷೆ ಅಲ್ಲ. ಲಿಖಿತ ದಾಟಿದವರಿಗೆ ಪ್ರಯೋಗ ಇದೆ, ಆಮೇಲೆ ಪ್ರಾಜೆಕ್ಟ್, ಸಂದರ್ಶನ. ನನ್ನ ಮಗಳು ಅಳತೆ ಜಾಡಿಯನ್ನು ಮೊದಲ ಸಲ ಕೈಯಲ್ಲಿ ಹಿಡಿದದ್ದೇ ಆ ಪ್ರಯೋಗದ ಸುತ್ತಿಗೆ ತಯಾರಾಗುವಾಗ. ನೀರಿನ ಮಟ್ಟವನ್ನು ಕಣ್ಣಿನ ನೇರಕ್ಕೆ ಇಟ್ಟು ಓದಬೇಕು ಅಂತ ಗೊತ್ತಾದಾಗ ಮನೆಯ ಹಾಲಿನ ಲೋಟ, ಔಷಧಿ ಮುಚ್ಚಳ ಎಲ್ಲ ಬಗ್ಗಿ ಬಗ್ಗಿ ನೋಡಿದಳು. ಶಾಲೆಯಲ್ಲಿ ಅಷ್ಟು ವರ್ಷ ಆಗದ್ದು ಅಲ್ಲಿ ಆಯಿತು.

ಮುಲುಂಡ್ ಅಮ್ಮ

ನಿಮ್ಮ ಮಗಳು ಅಷ್ಟು ದೂರ ಹೋದಳು. ಲಿಖಿತದಲ್ಲೇ ನಿಂತ ಮಕ್ಕಳು ಎಷ್ಟೋ ಜನ. ಅವರಿಗೆ ಉಳಿದದ್ದು "ನನಗೆ ಸೈನ್ಸ್ ಬರಲ್ಲ" ಅನ್ನುವ ಮಾತು.

ವಾಸ್ಕೊ ಮಾಸ್ತರ

ನಮಸ್ಕಾರ್ರೀ. ನಾನು ಗೋವಾದವನು, ಊರು ಬಾಗಲಕೋಟೆ ಕಡೆ. ಇಲ್ಲಿ ದುಡಿಯಲು ಬಂದ ನಮ್ಮ ಮಂದಿಯ ಮಕ್ಕಳಿಗೆ ಸಂಜೆ ಹೊತ್ತು ಓದಿಸುತ್ತೇನೆ. ಮಿರಾಮಾರಿನ ಗೋವಾ ವಿಜ್ಞಾನ ಕೇಂದ್ರಕ್ಕೂ ಆಗಾಗ ಕರೆದುಕೊಂಡು ಹೋಗುತ್ತೇನೆ. ನನಗೆ ಪ್ರಶ್ನಾವಳಿ ಗೊತ್ತಿಲ್ಲ. ನೋಡಿದ್ದು ಹೇಳುತ್ತೇನೆ.

ಒಂದು ಸಂಜೆ ಬೀಚಿಗೆ ಹೋಗಿದ್ದೆವು. ನೀರು ಇಳಿದಿತ್ತು. ಉಬ್ಬರ ಇಳಿತ ಹೇಳಿಕೊಡೋಣ ಅಂತ ನನ್ನ ಜೊತೆಗಾರರು ಶುರು ಮಾಡಿದರು, ಚಂದ್ರ, ಭೂಮಿ ಅಂತೆಲ್ಲ. ಒಬ್ಬ ಹುಡುಗ ಕೇಳುತ್ತಲೇ ಇರಲಿಲ್ಲ. ದೂರ ಹೋಗಿ ಮರಳಿನ ಮೇಲೆ ಬೋರಲು ಮಲಗಿದ್ದ. ಅವನಿಗೆ ಬೈಗುಳ ಬಿತ್ತು. ನಾನು ಹತ್ತಿರ ಹೋಗಿ ನೋಡಿದರೆ ಅವನ ಮೂಗಿನ ಮುಂದೆ ಸಣ್ಣ ಏಡಿ. ಕಡಲೆ ಕಾಳಿಗಿಂತ ಸ್ವಲ್ಪ ದೊಡ್ಡದು. ಎರಡೂ ಕೈಯಲ್ಲಿ ಮರಳು ಬಾಯಿಗೆ ಹಾಕುತ್ತದೆ, ಅದರಲ್ಲಿ ಅಂಟಿದ ತಿನ್ನುವ ಚೂರು ತೆಗೆದುಕೊಂಡು ಉಳಿದ ಮರಳನ್ನು ಗುಂಡಗೆ ಮಾಡಿ ಹಿಂದಕ್ಕೆ ಬಿಡುತ್ತದೆ. ಗುಂಡುಗಳ ಸಾಲು ಬಿಲದಿಂದ ಕಿರಣದ ಹಾಗೆ ಹರಡಿತ್ತು. ಅವನು ಕೇಳಿದ: "ಮಾಸ್ತರ, ನೀರು ಬಂದರೆ ಇದೆಲ್ಲ ಅಳಿಸಿ ಹೋಗುತ್ತದೆ. ಅದಕ್ಕೆ ನೀರು ಯಾವಾಗ ಬರುತ್ತದೆ ಅಂತ ಹೇಗೆ ಗೊತ್ತು?"

ಉಬ್ಬರ ಇಳಿತದ ಬಗ್ಗೆ ಅವತ್ತು ಬಂದ ಒಳ್ಳೆಯ ಪ್ರಶ್ನೆ ಅದೊಂದೇ. ನೋಡ್ರಿ, ದೂರದಿಂದ ಗುರುತು ಹಾಕುವವರಿದ್ದರೆ ಅವನ ಹೆಸರಿನ ಮುಂದೆ "ಗಮನ ಇಲ್ಲ" ಅಂತ ಬರೆಯುತ್ತಿದ್ದರು.

ಅಳತೆಗೋಲು, ಚೆಂಬೂರು

ಮಾಸ್ತರೇ, ಇದನ್ನು ಓದಿ ತುಂಬಾ ಖುಷಿಯಾಯಿತು. ಫ್ರೆಡ್ರಿಕ್ಸ್, ಬ್ಲೂಮನ್‌ಫೆಲ್ಡ್, ಪ್ಯಾರಿಸ್ ಅನ್ನುವ ಮೂವರು 2004ರಲ್ಲಿ ಇದನ್ನೇ ವಿಂಗಡಿಸಿ ಬರೆದರು. ತೊಡಗಿಕೊಳ್ಳುವುದರಲ್ಲಿ ಮೂರು ಬಗೆ. ನಡವಳಿಕೆಯದು ಒಂದು: ಬರುತ್ತಾನಾ, ಹೇಳಿದ್ದು ಮಾಡುತ್ತಾನಾ. ಮನಸ್ಸಿನದು ಇನ್ನೊಂದು: ಖುಷಿಯಾ, ಬೇಜಾರಾ. ಯೋಚನೆಯದು ಮೂರನೆಯದು: ತಲೆ ಕೆಡಿಸಿಕೊಳ್ಳುತ್ತಾನಾ. ನಾವು ಜಾಸ್ತಿ ಅಳೆಯುವುದು ಮೊದಲನೆಯದನ್ನು, ಯಾಕೆಂದರೆ ಅದು ಕಣ್ಣಿಗೆ ಕಾಣುತ್ತದೆ. ನಿಮ್ಮ ಹುಡುಗನದು ಮೂರನೆಯದು.

ಇನ್ನೂ ಒಂದು. ಹಿಡಿ ಮತ್ತು ರೆನಿಂಗರ್ ಅನ್ನುವವರು 2006ರಲ್ಲಿ ಆಸಕ್ತಿ ನಾಲ್ಕು ಹಂತದಲ್ಲಿ ಬೆಳೆಯುತ್ತದೆ ಅಂದರು. ಮೊದಲು ಯಾವುದೋ ಒಂದು ನೋಟಕ್ಕೆ ಕಿಡಿ ಹತ್ತುತ್ತದೆ. ಸುತ್ತಲಿನವರು ಅವಕಾಶ ಕೊಟ್ಟರೆ ಅದು ಉಳಿಯುತ್ತದೆ. ಆಮೇಲೆ ಮಗು ತಾನೇ ಅದರ ಹಿಂದೆ ಹೋಗುತ್ತದೆ. ಕೊನೆಗೆ ಅದು ಸ್ವಂತದ್ದಾಗುತ್ತದೆ. ಕ್ಲಾಸಿನ ಕೊನೆಯ ನಗುಮುಖ ಅಳೆಯುವುದು ಮೊದಲ ಕಿಡಿಯನ್ನು ಮಾತ್ರ. ಹಣ ಕೊಡುವವರು ಕೇಳುತ್ತಿರುವುದು ಮೂರನೇ ಹಂತದ ಬಗ್ಗೆ. ಅದು ಅವತ್ತೇ ಸಿಗುವುದಿಲ್ಲ, ವಾರಗಳು ಬೇಕು.

ಹಿಂಜವಡಿ ಅಪ್ಪ, ಪುಣೆ

ಏಡಿಯ ಕತೆ, ಅರಿಶಿನದ ಕತೆ ಎರಡೂ ಚೆನ್ನಾಗಿವೆ. ಆದರೂ ನಾನು ಜಗಳ ಬಿಡುವುದಿಲ್ಲ. ನಮಗೆ ನೆನಪಿರುವುದು ಇಂಥ ಮಕ್ಕಳು ಮಾತ್ರ. ಉಳಿದವರು? ಕಿಟಕಿ ನೋಡುತ್ತಿದ್ದ ಹುಡುಗನ ಬಗ್ಗೆ ಯಾರೂ ಕೇಳಲಿಲ್ಲ. ಒಂದು ಒಳ್ಳೆಯ ಪ್ರಶ್ನೆ ಬಂದರೆ ಟೀಚರಿಗೆ ವರ್ಷ ಸಾರ್ಥಕ ಅನ್ನಿಸುತ್ತದೆ. ಅದು ಸರಿ. ಆದರೆ ಅದು ಆ ಮಗುವಿನ ಸುದ್ದಿ, ಕ್ಲಾಸಿನ ಸುದ್ದಿ ಅಲ್ಲ. ಸಂಖ್ಯೆ ಕೇಳುವುದು ಇದಕ್ಕೇ. ಎಲ್ಲ ಮಕ್ಕಳನ್ನೂ ಒಂದೇ ಸಮ ನೋಡಲು.

ನಿವೃತ್ತ ಮೇಷ್ಟ್ರು, ಸಾಯನ್

ಈ ಮಾತಿಗೆ ತೂಕ ಇದೆ. ಹಿಂದಿನ ಬೆಂಚು ಯಾವಾಗಲೂ ಲೆಕ್ಕಕ್ಕೆ ಬರುವುದಿಲ್ಲ.

ಭಾನುವಾರದ ಟೀಚರ್, ಡೊಂಬಿವಲಿ

ಹಿಂಜವಡಿ ಸರ್, ಇದಕ್ಕಾಗಿಯೇ ನಾನು ಇಲ್ಲಿ ಕೇಳಿದ್ದು. ಕಿಟಕಿಯ ಹುಡುಗನನ್ನು ವಿಚಾರಿಸಿದೆ. ಅವನು ನೋಡುತ್ತಿದ್ದದ್ದು ಎದುರಿನ ಕಟ್ಟಡದ ಲಿಫ್ಟ್ ಕೆಲಸ. ತೂಕದ ಕಲ್ಲು ಮೇಲೆ ಹೋದಾಗ ಲಿಫ್ಟ್ ಕೆಳಗೆ ಬರುತ್ತದೆ ಅಂತ ಗಮನಿಸಿದ್ದಾನೆ. ಆದರೆ ಅವನ ಪಕ್ಕದವನು ನಿಜವಾಗಿ ಬೇಜಾರಾಗಿ ಕೂತಿದ್ದ, ಅಪ್ಪ ಬಲವಂತಕ್ಕೆ ಕಳಿಸುತ್ತಾರಂತೆ. ಇಬ್ಬರನ್ನೂ ಹೊರಗಿನಿಂದ ನೋಡಿದರೆ ಒಂದೇ ಥರ.

ಕೊಥ್ರೂಡ್ ಓದುಗ

ಮೊದಲು ಆ ಹುಡುಗಿಯ ಪ್ರಶ್ನೆಗೆ ಉತ್ತರ ಕೊಡಿ! ಅರಿಶಿನದ ಹಳದಿ ಬಣ್ಣ ಕರ್ಕ್ಯುಮಿನ್. ಸೋಪು ಕ್ಷಾರ, ಅದು ತಾಗಿದರೆ ಕೆಂಪು. ಜಾಲಿಸಿದರೆ ಕ್ಷಾರ ಹೋಗಿ ಮತ್ತೆ ಹಳದಿ. ಬಿಸಿಲು ಬಿದ್ದರೆ ಕರ್ಕ್ಯುಮಿನ್ ಒಡೆದು ಬಣ್ಣವಿಲ್ಲದ ಬೇರೆ ವಸ್ತುಗಳಾಗುತ್ತದೆ. ಬಣ್ಣ ಎಲ್ಲಿಗೂ ಹೋಗಲಿಲ್ಲ, ಬಣ್ಣವಾಗಿ ಉಳಿಯಲಿಲ್ಲ ಅಷ್ಟೇ.

ವಾಸ್ಕೊ ಮಾಸ್ತರ

ಉತ್ತರ ಹೇಳಬೇಡ್ರಿ ಟೀಚರ್ ಅಕ್ಕಾರ. ಎರಡು ಬಟ್ಟೆಗೆ ಅರಿಶಿನ ಹಚ್ಚಿ ಒಂದನ್ನು ಬಿಸಿಲಿಗೆ, ಒಂದನ್ನು ಕಪಾಟಿನ ಕತ್ತಲಲ್ಲಿ ಇಡಲು ಹೇಳಿ. ಶಾಖಕ್ಕೋ ಬೆಳಕಿಗೋ ಅಂತ ಅವಳೇ ಕೇಳಿಯಾಳು. ಆಗ ಮೂರನೆಯದನ್ನು ಕಪ್ಪು ಕಾಗದ ಸುತ್ತಿ ಬಿಸಿಲಿಗೇ ಇಡಿ.

ಥಾಣೆ ಡ್ರಾಯಿಂಗ್ ಟೀಚರ್

ಚಿತ್ರ ಬರೆಸುವುದು ಒಂದು ದಾರಿ ಅಲ್ವಾ? "ವಿಜ್ಞಾನಿಯ ಚಿತ್ರ ಬರೆ" ಅಂತ ನಾನು ಒಮ್ಮೆ ಬರೆಸಿದೆ. ಬಿಳಿ ಕೋಟು, ಕನ್ನಡಕ, ಕೆದರಿದ ಕೂದಲು, ಹೊಗೆ ಬರುವ ಬಾಟಲಿ. ಬಹುತೇಕ ಎಲ್ಲ ಗಂಡಸರು.

ಅಳತೆಗೋಲು, ಚೆಂಬೂರು

ಅದು ಪ್ರಸಿದ್ಧ ಪರೀಕ್ಷೆ ಮೇಡಂ. ಡೇವಿಡ್ ಚೇಂಬರ್ಸ್ 1983ರಲ್ಲಿ ಪ್ರಕಟಿಸಿದರು. 4807 ಮಕ್ಕಳ ಚಿತ್ರಗಳಲ್ಲಿ ಹೆಣ್ಣು ವಿಜ್ಞಾನಿ ಇದ್ದದ್ದು 28ರಲ್ಲಿ. ಆ 28ನ್ನೂ ಬರೆದವರು ಹುಡುಗಿಯರೇ. ಈಚಿನ ದಶಕಗಳಲ್ಲಿ ಇದು ಬದಲಾಗಿದೆ, ಹೆಣ್ಣು ವಿಜ್ಞಾನಿಯ ಚಿತ್ರಗಳು ಹೆಚ್ಚಾಗಿವೆ. ಆದರೆ ಆ ಚಿತ್ರ ತೋರಿಸುವುದು ವಿಜ್ಞಾನಿ ಅಂದರೆ ಯಾರು ಅನ್ನುವ ಕಲ್ಪನೆಯನ್ನು, ಆಸಕ್ತಿಯನ್ನಲ್ಲ. ಲಂಡನ್ನಿನ ಆಸ್ಪೈರ್ಸ್ ಅಧ್ಯಯನದಲ್ಲಿ ಇದೇ ಎದ್ದು ಕಂಡಿತು. 10ರಿಂದ 14 ವರ್ಷದ ಮಕ್ಕಳಲ್ಲಿ ಬಹಳ ಜನ ವಿಜ್ಞಾನ ಇಷ್ಟ ಅಂದರು, ವಿಜ್ಞಾನಿ ಆಗುತ್ತೇನೆ ಅಂದವರು ತುಂಬಾ ಕಡಿಮೆ. ಇಷ್ಟ ಇದೆ, "ಅದು ನನ್ನಂಥವರಿಗೆ" ಅನ್ನುವ ಭಾವನೆ ಇಲ್ಲ.

ಕೇಳುವ ವಿಷಯವೂ ಮುಖ್ಯ. ರೋಸ್ ಅಧ್ಯಯನದಲ್ಲಿ ಹುಡುಗರು ಸ್ಫೋಟ, ಯಂತ್ರ, ಆಯುಧ ಅಂದರು. ಹುಡುಗಿಯರು ದೇಹ, ಕಾಯಿಲೆ, ಆರೋಗ್ಯ ಅಂದರು. ಹಾಳೆಯಲ್ಲಿ ಬರೀ ರಾಕೆಟ್ ಇಟ್ಟರೆ ಹುಡುಗಿಯರಿಗೆ ಆಸಕ್ತಿ ಕಡಿಮೆ ಅಂತ ಬರುತ್ತದೆ. ತಪ್ಪು ಹಾಳೆಯದು.

ಮುಲುಂಡ್ ಅಮ್ಮ

ನನ್ನ ತಂಗಿಯ ಮಗಳಿಗೆ ರಾಕೆಟ್ಟೇ ಬೇಕು. ಹುಡುಗಿ ಅಂತ ಅಡುಗೆಮನೆ ವಿಜ್ಞಾನ ಕೊಟ್ಟರೆ ಕೋಪ ಬರುತ್ತದೆ ಅವಳಿಗೆ.

ಅಳತೆಗೋಲು, ಚೆಂಬೂರು

ಬರಲೇಬೇಕು. ಸರಾಸರಿ ಅನ್ನುವುದು ಗುಂಪಿನ ಮಾತು, ಎದುರಿಗಿರುವ ಒಂದು ಮಗುವಿನ ಮೇಲೆ ಹೊರಿಸಬಾರದು.

ಫೋರ್ಟಿನ ಹಳಬ

ಇಷ್ಟು ಹೊತ್ತು ಓದುತ್ತಿದ್ದೆ, ಈಗ ಎರಡು ಮಾತು. ನಾನು ಕುಂದಾಪುರ ಕಡೆಯಿಂದ ಸಣ್ಣವನಿದ್ದಾಗ ಮುಂಬೈಗೆ ಬಂದವನು. ಫೋರ್ಟಿನ ಒಂದು ಹೋಟೆಲಿನಲ್ಲಿ ಕೆಲಸ, ರಾತ್ರಿ ಕನ್ನಡ ಶಾಲೆ. ಕಪ್ಪು ಬಸಿ ತೊಳೆದು, ಕೈ ಒರೆಸಿಕೊಂಡು, ನಿದ್ದೆ ತುಂಬಿದ ಕಣ್ಣಲ್ಲಿ ಹೋಗಿ ಕೂರುತ್ತಿದ್ದೆವು. ಡಿಸೆಂಬರಿನಲ್ಲಿ ಇಡ್ಲಿ ಹಿಟ್ಟು ಬೇಗ ಉಬ್ಬುತ್ತಿರಲಿಲ್ಲ. ಭಟ್ರು ಪಾತ್ರೆಯನ್ನು ಒಲೆಯ ಹತ್ತಿರ ಇಡಿಸುತ್ತಿದ್ದರು. ಯಾಕೆ ಅಂತ ಶಾಲೆಯಲ್ಲಿ ಕೇಳಿದೆ. ಹಿಟ್ಟಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆ, ಅವು ಬಿಡುವ ಗಾಳಿಯಿಂದ ಹಿಟ್ಟು ಉಬ್ಬುತ್ತದೆ, ಚಳಿಗೆ ಅವುಗಳ ಕೆಲಸ ನಿಧಾನ ಅಂತ ಮೇಷ್ಟ್ರು ಹೇಳಿದರು. ಅವತ್ತಿಂದ ನಾನು ಹಿಟ್ಟನ್ನು ನೋಡುವ ರೀತಿಯೇ ಬೇರೆ.

ನಮ್ಮ ಆಸಕ್ತಿಯನ್ನು ಯಾರೂ ಅಳೆಯಲಿಲ್ಲ. ಬರುತ್ತಿದ್ದೆವು, ಅದೇ ಅಳತೆ. ಬರಲೇಬೇಕು ಅಂತ ಯಾರ ಒತ್ತಾಯವೂ ಇರಲಿಲ್ಲ. ಟೀಚರಮ್ಮ, ಹಾಜರಿ ಬರೆಯಿರಿ ಸಾಕು.

ಭಾನುವಾರದ ಟೀಚರ್, ಡೊಂಬಿವಲಿ

ಅಣ್ಣಾ, ನಿಮ್ಮ ಮಾತು ಓದಿ ಮನಸ್ಸು ತುಂಬಿತು. ಹಾಜರಿ ಬರೆಯುತ್ತೇನೆ. ಆದರೆ ನಮ್ಮ ಸೆಂಟ್ರಲ್ ಲೈನಿನಲ್ಲಿ ಭಾನುವಾರ ಮೆಗಾಬ್ಲಾಕ್, ಹಳಿ ರಿಪೇರಿಗೆ ರೈಲು ನಿಲ್ಲಿಸುತ್ತಾರೆ. ಬ್ಲಾಕ್ ಇದ್ದ ದಿನ ಕಲ್ಯಾಣ, ದಿವಾ ಕಡೆಯ ಮಕ್ಕಳು ಬರುವುದಿಲ್ಲ. ಹಾಜರಿ ಪುಸ್ತಕ ಆಗ ರೈಲಿನ ಸುದ್ದಿ ಹೇಳುತ್ತದೆ.

ಹಿಂಜವಡಿ ಅಪ್ಪ, ಪುಣೆ

ಬ್ಲಾಕ್ ಇದ್ದ ದಿನಗಳನ್ನು ಪಕ್ಕದಲ್ಲಿ ಗುರುತು ಹಾಕಿಟ್ಟುಕೊಳ್ಳಿ. ಮಳೆ, ಗಣಪತಿ, ಶಾಲೆಯ ಪರೀಕ್ಷೆ ಕೂಡ. ಆಗ ಹೋಲಿಕೆ ಸರಿಯಾಗುತ್ತದೆ. ಅಪ್ಪ ಅಮ್ಮ ತಳ್ಳಿ ಕಳಿಸಿದವರು, ತಾವೇ ಬಂದವರು ಬೇರೆ ಬೇರೆ ಅಂತಲೂ ಬರೆಯಿರಿ.

ಕೊಥ್ರೂಡ್ ಓದುಗ

ಪ್ರಶ್ನೆಗಳನ್ನು ಎಣಿಸಬಹುದಲ್ವಾ? ಪುಣೆಯಲ್ಲಿ ಐಯುಕಾ ಅನ್ನುವ ಖಗೋಳ ಸಂಶೋಧನಾ ಕೇಂದ್ರ ಕಟ್ಟಿದ ವಿಜ್ಞಾನಿ ಜಯಂತ ನಾರಳೀಕರ್ ಮಕ್ಕಳಿಗೆ ಸುಮ್ನೆ ಆಟೋಗ್ರಾಫ್ ಕೊಡುತ್ತಿರಲಿಲ್ಲ. ಪೋಸ್ಟ್‌ಕಾರ್ಡಿನಲ್ಲಿ ಒಂದು ಪ್ರಶ್ನೆ ಬರೆದು ಕಳಿಸು, ಉತ್ತರದ ಜೊತೆ ಸಹಿ ಬರುತ್ತದೆ ಅನ್ನುತ್ತಿದ್ದರು. ಮನೆಗೆ ಹೋದಮೇಲೂ ನೆನಪಿಟ್ಟು, ಕಾರ್ಡ್ ತಂದು, ಯೋಚಿಸಿ ಬರೆದು ಡಬ್ಬಿಗೆ ಹಾಕುವ ಮಗುವಿಗೆ ನಿಜವಾಗಿ ತಿಳಿಯಬೇಕಾಗಿದೆ ಅಂತ ಅರ್ಥ.

ಕಸದಿಂದ ವಿಜ್ಞಾನದ ಆಟಿಕೆ ಮಾಡಿ ತೋರಿಸುವ ಅರವಿಂದ ಗುಪ್ತಾ ಕೂಡ ಅಲ್ಲೇ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ವರ್ಷಗಟ್ಟಲೆ ಇದ್ದರು. ನಿಮ್ಮ ವಾಲ್ವ್ ಟ್ಯೂಬ್, ಬೆಂಕಿಕಡ್ಡಿ ಅವರ ಬಳುವಳಿಯೇ.

ನಿವೃತ್ತ ಮೇಷ್ಟ್ರು, ಸಾಯನ್

ಅದಕ್ಕೂ ಹಿಂದಿನದೊಂದು ಇದೆ. ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಕಾರ್ಯಕ್ರಮ, 1972ರಿಂದ 2002ರವರೆಗೆ ಸರ್ಕಾರಿ ಶಾಲೆಗಳಲ್ಲಿ ನಡೆಯಿತು. ಅಲ್ಲಿನ ಮಕ್ಕಳು ಸವಾಲೀರಾಮ್ ಅನ್ನುವ ಒಬ್ಬನಿಗೆ ಕಾಗದ ಬರೆದು ಪ್ರಶ್ನೆ ಕೇಳುತ್ತಿದ್ದರು. ಸವಾಲೀರಾಮ್ ಕಾಲ್ಪನಿಕ. ಉತ್ತರ ಮಾತ್ರ ನಿಜವಾಗಿ ಬರುತ್ತಿತ್ತು. ಹಳ್ಳಿ ಮಕ್ಕಳು ಏನು ಯೋಚಿಸುತ್ತಾರೆ ಅಂತ ತಿಳಿಯಲು ಆ ಕಾಗದಗಳಿಗಿಂತ ಒಳ್ಳೆಯ ಸಾಕ್ಷಿ ಎಲ್ಲಿದೆ?

ಒಂದು ಎಚ್ಚರಿಕೆ. ನಮ್ಮ ಶಾಲೆಯಲ್ಲಿ ಪ್ರಶ್ನೆ ಪೆಟ್ಟಿಗೆ ಇಟ್ಟಿದ್ದೆವು. ಜಾಸ್ತಿ ಪ್ರಶ್ನೆ ಹಾಕಿದವರಿಗೆ ಪೆನ್ನು ಅಂತ ಯಾರೋ ಹೇಳಿಬಿಟ್ಟರು. ಪೆಟ್ಟಿಗೆ ತುಂಬಿತು. ಎಲ್ಲ ಪುಸ್ತಕದ ಹಿಂದಿನ ಅಭ್ಯಾಸದ ಪ್ರಶ್ನೆಗಳು.

ಅಳತೆಗೋಲು, ಚೆಂಬೂರು

ಮೇಷ್ಟ್ರೇ, ಇದಕ್ಕೆ ಲೆಪ್ಪರ್, ಗ್ರೀನ್, ನಿಸ್ಬೆಟ್ ಅವರ 1973ರ ಪ್ರಯೋಗ ಸರಿಯಾಗಿ ಹೊಂದುತ್ತದೆ. 3ರಿಂದ 5 ವರ್ಷದ ಮಕ್ಕಳು, ಸ್ಕೆಚ್ ಪೆನ್ನಲ್ಲಿ ಚಿತ್ರ ಬರೆಯುವುದು ಇಷ್ಟ ಅಂತ ಮೊದಲೇ ಗೊತ್ತಿದ್ದವರು. ಕೆಲವರಿಗೆ "ಬರೆದರೆ ರಿಬ್ಬನ್ ಇರುವ ಪ್ರಶಸ್ತಿಪತ್ರ" ಅಂತ ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಒಂದೆರಡು ವಾರದ ನಂತರ ಆಟದ ಬಿಡುವಿನಲ್ಲಿ ಪೆನ್ನುಗಳನ್ನು ಸುಮ್ಮನೆ ಮೇಜಿನ ಮೇಲಿಟ್ಟು, ಮಕ್ಕಳಿಗೆ ಕಾಣದಂತೆ ಆ ಕಡೆಯಿಂದ ನೋಡಿದರು. ಪ್ರಶಸ್ತಿಯ ಆಸೆಗೆ ಬರೆದಿದ್ದ ಮಕ್ಕಳು ಈಗ ಉಳಿದವರಿಗಿಂತ ಸುಮಾರು ಅರ್ಧ ಹೊತ್ತು ಮಾತ್ರ ಚಿತ್ರ ಬರೆದರು.

ಟೀಚರ್, ಇದರಲ್ಲಿ ನಿಮಗೆ ಬೇಕಾದ ಅಳತೆಯೇ ಇದೆ. ಯಾರೂ ಕೇಳದಿದ್ದಾಗ, ಬೇರೆ ಆಟವೂ ಇರುವಾಗ, ಮಗು ಎಷ್ಟು ಹೊತ್ತು ಅಲ್ಲಿ ನಿಲ್ಲುತ್ತದೆ. ಕ್ಲಾಸಿನ ಮೊದಲ ಹದಿನೈದು ನಿಮಿಷ ಯಾರಿಗೂ ಏನೂ ಹೇಳಬೇಡಿ. ಒಂದು ಮೇಜಿನ ಮೇಲೆ ಲೆನ್ಸ್, ಅಯಸ್ಕಾಂತ, ಕಳೆದ ವಾರದ ಸಾಮಾನು. ಇನ್ನೊಂದರ ಮೇಲೆ ಕೇರಂ, ಬಣ್ಣದ ಪೆನ್ಸಿಲ್. ಯಾರು ಎಲ್ಲಿ ಅಂತ ಎರಡು ಮೂರು ಸಲ ಗುರುತು ಹಾಕಿ. ಎಲ್ಲ ಮಕ್ಕಳದ್ದೂ ಬರುತ್ತದೆ, ಹಿಂದಿನ ಬೆಂಚಿನವರದ್ದೂ.

ಮನೆಗೆ ಲೆನ್ಸ್ ಒಯ್ಯಬಹುದು ಅಂತ ಒಂದು ಪುಸ್ತಕ ಇಡಿ, ಒಯ್ದವರು ಹೆಸರು ಬರೆಯಲಿ. ಪ್ರಶ್ನೆಗಳನ್ನು ಎಣಿಸುವುದರ ಜೊತೆ ಬಗೆ ನೋಡಿ. "ಇದು ಏನು" ಒಂದು, "ಯಾಕೆ" ಇನ್ನೊಂದು, "ಹೀಗೆ ಮಾಡಿದರೆ ಏನಾಗುತ್ತದೆ" ಮತ್ತೊಂದು. ಕೊನೆಯ ಬಗೆ ಹೆಚ್ಚುತ್ತಿದ್ದರೆ ಮಕ್ಕಳು ತಾವೇ ಹುಡುಕಲು ಹೊರಟಿದ್ದಾರೆ. ಬಹುಮಾನ ಮಾತ್ರ ಬೇಡವೇ ಬೇಡ.

ಥಾಣೆ ಡ್ರಾಯಿಂಗ್ ಟೀಚರ್

ಶೂನ್ಯ ನೆರಳಿನ ದಿನ ಮಾಡಿಸಿ ಟೀಚರ್, ಸೂರ್ಯ ನೇರ ನೆತ್ತಿಯ ಮೇಲೆ ಬಂದು ನೆಟ್ಟ ಕೋಲಿಗೆ ನೆರಳೇ ಕಾಣದ ದಿನ. ಮುಂಬೈಗೆ ಮೇ 15ರ ಆಸುಪಾಸು, ಮಧ್ಯಾಹ್ನ ಹನ್ನೆರಡೂವರೆ ದಾಟಿದ ಮೇಲೆ. ಜುಲೈ ಕೊನೆಯಲ್ಲಿ ಇನ್ನೊಂದು ಸಲ ಬರುತ್ತದೆ, ಆದರೆ ಆಗ ಮೋಡ.

ವಾಸ್ಕೊ ಮಾಸ್ತರ

ನಮಗೆ ಗೋವಾದಲ್ಲಿ ಮೇ ಮೊದಲ ವಾರದಲ್ಲೇ. ನಾನು ಮಾಡಿಸಿದ್ದೇನೆ. ಆ ದಿನ ಎಲ್ಲರೂ ಕುಣಿಯುತ್ತಾರೆ. ಮರುದಿನ, ಅದರ ಮರುದಿನ ಕೋಲು ನೆಟ್ಟು ನೆರಳು ಎಷ್ಟು ಬೆಳೆಯಿತು ಅಂತ ಬಂದು ಹೇಳುವವರು ಕೆಲವರೇ. ನನಗೆ ಆ ಕೆಲವರು ಬೇಕು. ಉಳಿದವರು ಯಾಕೆ ಬರಲಿಲ್ಲ ಅಂತಲೂ ತಿಳಿಯಬೇಕು. ಒಬ್ಬಳ ಮನೆಗೆ ಬಿಸಿಲೇ ಬೀಳುವುದಿಲ್ಲ ಅಂತ ಆಮೇಲೆ ಗೊತ್ತಾಯಿತು.

ಹಿಂಜವಡಿ ಅಪ್ಪ, ಪುಣೆ

ಫೆಬ್ರವರಿ 28ರ ಸುತ್ತ ನಾರಾಯಣಗಾಂವ್ ಹತ್ತಿರದ ಖೋಡದಿಗೆ ಮಕ್ಕಳನ್ನು ಕರೆದುಕೊಂಡು ಬನ್ನಿ. ಜಿಎಂಆರ್‌ಟಿ ಅನ್ನುವ ರೇಡಿಯೋ ದೂರದರ್ಶಕ, ಆಕಾಶದಿಂದ ಬರುವ ರೇಡಿಯೋ ಅಲೆ ಹಿಡಿಯುವಂಥದ್ದು, ತಲಾ 45 ಮೀಟರ್ ಅಗಲದ 30 ತಟ್ಟೆಗಳು. ವಿಜ್ಞಾನ ದಿನಕ್ಕೆ ಜನರನ್ನು ಒಳಗೆ ಬಿಡುತ್ತಾರೆ. ಸುತ್ತಲಿನ ಶಾಲೆಯ ಮಕ್ಕಳು ತಾವು ಮಾಡಿದ್ದನ್ನು ಇಟ್ಟುಕೊಂಡು ನಿಂತಿರುತ್ತಾರೆ.

ಮೇಡಂ ಹೇಳಿದ ಎರಡು ಮೇಜಿನ ಲೆಕ್ಕ ನನಗೆ ಒಪ್ಪಿಗೆ. ಶೀಟ್ ನಾನು ಮಾಡಿಕೊಡುತ್ತೇನೆ ಟೀಚರ್. ಮಗುವಿಗೆ ಹೆಸರಿನ ಬದಲು ಒಂದು ಗುರುತು, ವಾರ, ಮೇಜು, ಮೆಗಾಬ್ಲಾಕ್ ಇತ್ತಾ, ಲೆನ್ಸ್ ಒಯ್ದರಾ, ಪ್ರಶ್ನೆಯ ಬಗೆ. ಫೋನಿನಲ್ಲೇ ತುಂಬಬಹುದು.

ಭಾನುವಾರದ ಟೀಚರ್, ಡೊಂಬಿವಲಿ

ದಯವಿಟ್ಟು ಮಾಡಿಕೊಡಿ ಸರ್. ಹಣ ಕೊಡುವವರಿಗೆ ಫೋನ್ ಮಾಡಿ ಹೇಳಿದೆ, ಮೂರು ತಿಂಗಳು ಸಮಯ ಕೊಡುತ್ತಾರಂತೆ. ನಗುಮುಖದ ಹಾಳೆಯನ್ನೂ ಮುಂದುವರಿಸುತ್ತೇವೆ, ಬೇರೆಯವರ ಕೈಯಲ್ಲಿ, ಹೆಸರಿಲ್ಲದೆ. ಎರಡೂ ಒಂದೇ ಹೇಳುತ್ತವಾ ನೋಡೋಣ.

ವಾಸ್ಕೊ ಮಾಸ್ತರ

ನನಗೂ ಆ ಶೀಟ್ ಕಳಿಸಿ. ಒಂದು ತೊಂದರೆ. ನಮ್ಮಲ್ಲಿ ಎರಡನೇ, ಮೂರನೇ ಕ್ಲಾಸಿನವರು ಇದ್ದಾರೆ. ಶಾಲೆಯಲ್ಲಿ ಬೇರೆ ಭಾಷೆ, ಮನೆಯಲ್ಲಿ ನಮ್ಮ ಕಡೆಯ ಕನ್ನಡ. ಬಾಯಲ್ಲಿ ಪಟಪಟ ಕೇಳುತ್ತಾರೆ, ಬರೆಯಲು ಬರುವುದಿಲ್ಲ. ಅವರ ಪ್ರಶ್ನೆ ಪೆಟ್ಟಿಗೆಗೆ ಹೇಗೆ ಬೀಳಬೇಕು?

ನಿವೃತ್ತ ಮೇಷ್ಟ್ರು, ಸಾಯನ್

ಎಂಟನೇ ಕ್ಲಾಸಿನ ಒಬ್ಬರನ್ನು ಪೆಟ್ಟಿಗೆಯ ಪಕ್ಕ ಕೂರಿಸಿ ಬರೆಸಿ. ಚಿಕ್ಕವರು ಹೇಳಿದ ಹಾಗೆಯೇ ಬರೆಯಬೇಕು, ತಿದ್ದಬಾರದು, ಉತ್ತರ ಹೇಳಬಾರದು ಅಂತ ಮೊದಲೇ ತಿಳಿಸಿ. ಬರೆಯುವವರನ್ನು ವಾರಕ್ಕೊಮ್ಮೆ ಬದಲಿಸಿ. ಚಿಕ್ಕವರಿಗೆ ಕೆಲವರ ಹತ್ತಿರ ಮಾತ್ರ ಬಾಯಿ ಬಿಡುವ ಅಭ್ಯಾಸ ಇರುತ್ತದೆ.